ಮಾನವೂ ಮೇಲುಡೆಯೂ

ಸಂಸ್ಕೃತದಲ್ಲಿ ‘ಮಾನ’ ಎಂಬ ಶಬ್ದವು ಎರಡು ಧಾತುಗಳಿಂದ ಹುಟ್ಟಿ ಎರಡು ಅರ್ಥಗಳನ್ನು ಕೊಡುತ್ತದೆ: ಒಂದು ಗೌರವ, ಇನ್ನೊಂದು ಅಳತೆ. ಬಟ್ಟೆಯು ಮಾನವನ್ನು ಮುಚ್ಚುತ್ತದೆ ಎನ್ನುವಾಗ ನಾವು ಗೌರವವೆಂಬ ಅರ್ಥವನ್ನೇ ಗ್ರಹಿಸುತ್ತೇವೆ. ಆದರೆ ಹೆಂಗಸಿನ ಉಡುಗೆಯ ಮೇಲೆ ರಾಜಶಾಸನವು ಹೊರಟಾಗ ಅಳತೆಯೆಂಬ ಅರ್ಥವೇ ಮುಂದಾಗುವುದುಂಟು. ತಿರುವಾಂಕೂರಿನ ಮೇಲುಡೆಯ ಕಲಹವು ಇದಕ್ಕೆ ನಿದರ್ಶನವಾಗಿದೆ.

ಮಲೆಯಾಳದೇಶದಲ್ಲಿ ಹಿಂದೆ ಗಂಡಸರಂತೆ ಹೆಂಗಸರೂ ಎದೆಯನ್ನು ತೆರೆದಿರುವುದು ವಾಡಿಕೆಯಾಗಿತ್ತು. ಮೇಲಿನವರೆದುರಿಗೆ ಉತ್ತರೀಯವನ್ನು ತೆಗೆಯುವುದೇ ವಿನಯವೆನಿಸಿತ್ತು. ನಾಯರ್ ಸ್ತ್ರೀಯರೂ ಬ್ರಾಹ್ಮಣರ ಮುಂದೆ ಹಾಗೆ ಮಾಡುತ್ತಿದ್ದರು. ಆದರೆ ತಾಳೆಮರವನ್ನೇರಿ ಜೀವಿಸುತ್ತಿದ್ದ ಶಾನಾರರ, ಅಂದರೆ ಇಂದಿನ ನಾಡಾರರ, ಹೆಂಗಸರಿಗೆ ತೆಗೆಯುವುದಕ್ಕೆ ಉತ್ತರೀಯವೇ ಇರಕೂಡದೆಂಬ ಕಟ್ಟಳೆ. ಇವರಲ್ಲಿ ಕ್ರೈಸ್ತಮತವನ್ನು ಸೇರಿದವರು ಎದೆಯನ್ನು ಮುಚ್ಚತೊಡಗಿದರು. ೧೮೧೪ರಲ್ಲಿ ಸರಕಾರವು ಅವರಿಗೆ ಕುಪ್ಪಾಯವನ್ನು ತೊಡಲು ಅಪ್ಪಣೆಕೊಟ್ಟಿತು. (ಈ ಮಾತು ನಮ್ಮ ಕುಪ್ಪಸವನ್ನು ನೆನಪಿಗೆ ತರುತ್ತದೆ.) ನಾಯರ್ ಸ್ತ್ರೀಯರಂತೆ ಹೆಗಲಮೇಲೆ ಸೆರಗನ್ನು ಹೊದೆಯಲು ಮಾತ್ರ ಅಪ್ಪಣೆಯಿರಲಿಲ್ಲ. ಆದರೂ ಅವರು ಹೊದೆದರು. ಸಂತೆಬೀದಿಗಳಲ್ಲಿ ಅವರ ಬಟ್ಟೆಗಳನ್ನು ಹರಿದರು. ಪ್ರಾರ್ಥನಾಮಂದಿರಗಳನ್ನೂ ಶಾಲೆಗಳನ್ನೂ ಸುಟ್ಟರು. ೧೮೨೯ರ ಫೆಬ್ರುವರಿಯ ಘೋಷಣೆಯು ಸೆರಗನ್ನು ನಿಷೇಧಿಸಿತಲ್ಲದೆ, ಶಾನಾರರು ಬಿಟ್ಟಿಯ ಊಳಿಗವನ್ನು ಮಾಡತಕ್ಕದ್ದೆಂದೂ ವಿಧಿಸಿತು. ಆಗ ರಾಜ್ಯವನ್ನಾಳುತ್ತಿದ್ದವರು ರಾಣಿ ಗೌರೀ ಪಾರ್ವತೀಬಾಯಿಯವರು. ಸೆರಗೂ ಬಿಟ್ಟಿಯೂ ಒಂದೇ ಕಾಗದದಲ್ಲಿ ಬಂದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಇಲ್ಲಿ ಒಂದು ಶಂಕೆಯುಂಟಾಗಬಹುದು. ತೆರೆದ ಎದೆಯು ಆ ದೇಶದಲ್ಲಿ ಲಜ್ಜಾಸ್ಪದವಲ್ಲವೆಂದ ಮೇಲೆ ಆ ಕಟ್ಟಳೆಯಿಂದ ಯಾರಿಗೆ ಏನು ಹಾನಿಯಾಯಿತು? ಉಡುಪಿಯಲ್ಲಿ ನಾವೂ ಅಂಗಿ ತೆಗೆದೇ ದೇವರ ದರ್ಶನಕ್ಕೆ ಹೋಗುವುದಿಲ್ಲವೆ? ಹೋಗುತ್ತೇವೆ, ಸಂತೋಷದಿಂದಲೇ ಹೋಗುತ್ತೇವೆ. ಆದರೆ ಹೊರಗೆ ಬಂದೊಡನೆ ಅಂಗಿಯನ್ನು ಮರಳಿ ತೊಡುತ್ತೇವೆ. ಪೇಟೆಯಲ್ಲಿ ಅದನ್ನು ಎಳೆದು ಹರಿಯುವವರು ಯಾರೂ ಇಲ್ಲ. ಜನರು ತಾವಾಗಿ ನಡೆಸುವವರೆಗೆ ಅದು ಆಚಾರ; ಮುಚ್ಚಬೇಕೆಂದವಳನ್ನು ದಂಡದಿಂದ ತಡೆಯಬೇಕಾಗಿ ಬಂದ ದಿನ ಅದಕ್ಕೆ ಆಚಾರವೆಂಬ ಹೆಸರು ಸಲ್ಲದು. ೧೮೫೯ರ ಜುಲೈ ತಿಂಗಳಲ್ಲಿ, ಮಾಧವರಾಯರು ದಿವಾನರಾಗಿದ್ದಾಗ, ಮದರಾಸಿನ ಗವರ್ನರ್ ಟ್ರೆವೆಲ್ಯನ್ನರ ಒತ್ತಾಯದಿಂದ ಎಲ್ಲ ಶಾನಾರ ಸ್ತ್ರೀಯರಿಗೂ ಎದೆ ಮುಚ್ಚುವ ಅಪ್ಪಣೆ ದೊರೆಯಿತು. ಆಗಲೂ ಮೇಲ್ಜಾತಿಯವರ ಹಾಗೆ ಮಾತ್ರ ಉಡಕೂಡದೆಂಬ ನಿರ್ಬಂಧವನ್ನು ಬಿಡಲಿಲ್ಲ! ಮುಚ್ಚಿದ ಮೇಲೂ ಅಳತೆಗೋಲು ಹಾಗೆಯೇ ಉಳಿಯಿತು.

ಇದಕ್ಕೆ ವಿಪರ್ಯಯವಾದ ದೃಷ್ಟಾಂತವೊಂದು ಕೆನಡಾ ದೇಶದ್ದು. ೧೯೯೧ರ ಜುಲೈಯಲ್ಲಿ ಆಂಟೇರಿಯೊ ಪ್ರಾಂತದ ಗ್ವೆಲ್ಫ್ ನಗರದಲ್ಲಿ ಸೆಕೆಯ ದಿನ ವಿದ್ಯಾರ್ಥಿನಿಯೊಬ್ಬಳು, ಗಂಡಸರು ಅಂಗಿ ತೆಗೆದು ತಿರುಗಬಹುದಾದರೆ ತಾನೇಕೆ ತಿರುಗಬಾರದೆಂದು, ಬೀದಿಯಲ್ಲಿ ಹಾಗೆಯೇ ನಡೆದಳು. ಆಕೆಗೆ ೭೫ ಡಾಲರ್ ದಂಡವಾಯಿತು. ೧೯೯೬ರಲ್ಲಿ ಮೇಲಿನ ನ್ಯಾಯಾಲಯವು ಆಕೆಯನ್ನು ನಿರ್ದೋಷಿಯೆಂದು ಬಿಟ್ಟಿತು: ಅದರಿಂದ ಯಾರಿಗೂ ಹಾನಿಯಾಗಲಿಲ್ಲ, ಬೇಸರಪಟ್ಟವರನ್ನು ನೋಡುತ್ತಲೇ ಇರಿ ಎಂದು ಯಾರೂ ನಿರ್ಬಂಧಿಸಲಿಲ್ಲ ಎಂಬುದು ಅದರ ಅಭಿಪ್ರಾಯ.

ನಮ್ಮ ಮನೆಯ ಹೆಣ್ಣುಮಕ್ಕಳು ಹಾಗೆ ನಡೆಯಲೆಂದು ನಾವು ಬಯಸುವವರಲ್ಲ. ಆ ನ್ಯಾಯಾಧಿಪತಿಗಳ ಮಾತೂ ನಮಗೆ ಪೂರ್ಣಸಮಾಧಾನವನ್ನು ತರುವುದಿಲ್ಲ. ಬೀದಿಯು ನಡೆಯುವವರಿಗೆ ಸೇರಿದಂತೆ ನೋಡುವವರಿಗೂ ಸೇರಿದುದು. ಹಾಗೆಂದು ದಂಡ ವಿಧಿಸಿದುದು ಸರಿಯೆಂದು ಹೇಳಲು, ೧೮೨೯ರ ಘೋಷಣೆಯನ್ನು ಬಲ್ಲ ನಮಗೆ ಬಾಯಿ ಬರುವುದಿಲ್ಲ. ಹೆತ್ತವರು ಹೇಳಲಿ, ನೆರೆಯವರು ಬೇಕಾದರೆ ಮುಖ ತಿರುಗಿಸಲಿ. ಪೋಲೀಸಿನವನಿಗೆ ಅಲ್ಲಿ ಕೆಲಸವಿದೆಯೆಂದು ನಮಗೆ ತೋರುವುದಿಲ್ಲ.