ಪಕ್ಕದವರ ಬೋರಿಗೆ ಇಳಿಯುವ ನೀರು

ಕಲಬುರಗಿಯಿಂದ ಕುಸನೂರ ಕಡೆಗೆ ಹೊರಟರೆ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಸಿಗುತ್ತದೆ. ಬುದ್ಧವಿಹಾರವೂ ಅದೇ ಸೀಮೆಯಲ್ಲಿದೆ. ಊರು ಬೆಳೆದಂತೆ ತೊಗರಿ, ಜೋಳದ ಎರೆ ಹೊಲಗಳು ಇಲ್ಲಿ ಲೇಔಟ್‌ಗಳಾಗಿವೆ. ಪ್ಲಾಟು ಕೊಂಡವರು ಎಷ್ಟೋ ಸಲ ಪಾಯ ತೋಡುವ ಮೊದಲೇ ಬೋರ್ ಹೊಡೆಸುತ್ತಾರೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರನ್ನು ಕರೆಸುತ್ತಾರೆ. ಅವರು ತೋರಿಸಿದ ಜಾಗಕ್ಕೆ ಅರಿಶಿನ ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಯುತ್ತಾರೆ. ಲಾರಿ ಗುಡುಗುತ್ತದೆ, ಬೂದು ಬಣ್ಣದ ಕಲ್ಲುಹುಡಿ ಆಳೆತ್ತರ ಚಿಮ್ಮುತ್ತದೆ. ಹುಡಿ ಒದ್ದೆಯಾಗಿ ಕೆಸರಾಗಿ ಬರತೊಡಗಿದರೆ ‘ಗಂಗಮ್ಮ ಬಂದಳು’ ಎಂದು ಮನೆಯವರೆಲ್ಲ ಕೈಮುಗಿಯುತ್ತಾರೆ.

ನೀರು ಎತ್ತುವುದಕ್ಕೆ ಇಷ್ಟು ಶಾಸ್ತ್ರವಿದೆ. ತುಂಬಿದ ಕೆರೆಗೆ ಬಾಗಿನ ಬಿಡುವ ಪದ್ಧತಿಯೂ ಇದೆ. ಎತ್ತಿದ್ದನ್ನು ನೆಲಕ್ಕೆ ಮರಳಿ ಕೊಡುವ ಕೆಲಸಕ್ಕೆ ಮಾತ್ರ ಪೂಜೆಯಿಲ್ಲ, ಮುಹೂರ್ತವಿಲ್ಲ, ಹರಕೆಯೂ ಇಲ್ಲ.

ಅಂತರ್ಜಲದ ಮಾತು ಸಾಮಾನ್ಯವಾಗಿ ಅಡಿ, ಇಂಚು, ಎಚ್‌ಪಿಗಳ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಆದರೆ ಆ ಲೆಕ್ಕದ ಕೆಳಗೆ ಒಂದು ಧರ್ಮಪ್ರಶ್ನೆ ಕೂತಿದೆ: ಕಣ್ಣಿಗೆ ಕಾಣದ ನೀರು ಯಾರದು? ಅದನ್ನು ಎತ್ತುವವರು ಯಾರಿಗೆ ಋಣಿ? ನೆಲದ ಮಾಲೀಕರು ತಮ್ಮ ಎಲ್ಲೆಯೊಳಗೆ ಭೂಮಿಯಡಿಯ ನೀರನ್ನು ಸಂಗ್ರಹಿಸಿ ಬಳಸಬಹುದು ಎಂಬ ಹಕ್ಕನ್ನು 1882ರ ಈಸ್‌ಮೆಂಟ್ ಕಾಯ್ದೆ ಗುರುತಿಸಿತು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ, ನೋಂದಣಿಯ ಕಡಿವಾಣ ಹಾಕಿದೆ. ಆದರೂ ‘ನನ್ನ ಹೊಲ, ನನ್ನ ಬೋರು, ನನ್ನ ನೀರು’ ಎಂಬ ಭಾವನೆ ಜನಮನದಲ್ಲಿ ಗಟ್ಟಿಯಾಗಿಯೇ ಉಳಿದಿದೆ.

ಈ ಭಾವನೆಗೆ ನೆಲ ಒಪ್ಪುವುದಿಲ್ಲ. ಕಲಬುರಗಿ ಮತ್ತು ಅದೇ ಜಿಲ್ಲೆಯ ಕಮಲಾಪುರದ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರು ಪದರಾಗಿ ಹರಿದು ಹೆಪ್ಪುಗಟ್ಟಿದ ಲಾವಾದ ಕಲ್ಲು. ಅದರ ಗಟ್ಟಿ ಪದರಿನಲ್ಲಿ ನೀರು ನಿಲ್ಲುವುದು ತೀರ ಕಡಿಮೆ. ನಿಲ್ಲುವುದೇನಿದ್ದರೂ ಬಿರುಕುಗಳಲ್ಲಿ, ಗುಳ್ಳೆ ಗುಳ್ಳೆಯ ಪದರಿನಲ್ಲಿ, ಕಲ್ಲು ಕೊಳೆತು ಮೊರಂ ಆದ ಕಡೆಗಳಲ್ಲಿ. ಈ ಬಿರುಕುಗಳು ಸರ್ವೆ ನಂಬರ್ ನೋಡಿ ಹರಿದಿಲ್ಲ. ಒಬ್ಬರ ಹೊಲದಲ್ಲಿ ಇಂಗಿದ ಮಳೆ ಇನ್ನೊಬ್ಬರ ಬಾವಿಯಲ್ಲಿ ಮೇಲೇಳುತ್ತದೆ. ಮೇಲಿನ ಎರೆ ಮಣ್ಣಿನದು ಇನ್ನೊಂದು ಗುಣ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರಿಯುತ್ತದೆ, ಮೊದಲ ಮಳೆಗಳನ್ನು ಕುಡಿದು ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಸುರಿದದ್ದರಲ್ಲಿ ಬಹುಪಾಲು ಹಳ್ಳದ ದಾರಿ ಹಿಡಿಯುತ್ತದೆ. ತೊಗರಿ ಆ ಮಣ್ಣಿನ ತೇವದಲ್ಲೇ ಬದುಕಿಕೊಳ್ಳುತ್ತದೆ. ಕಮಲಾಪುರದ ಕೆಂಪು ಬಾಳೆಗೆ ಅಷ್ಟು ಸಾಲದು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಬಾಳೆ ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಹೊಲದಲ್ಲಿ ನಿಲ್ಲುತ್ತದೆ, ಅಷ್ಟು ತಿಂಗಳೂ ನೀರು ಕೇಳುತ್ತದೆ. ಅದನ್ನು ಬೆಳೆಯುವವರು ನೆಚ್ಚುವ ಬಾವಿಯ ನೀರಿನಲ್ಲಿ ಸುತ್ತಲಿನ ಎಷ್ಟು ಹೊಲಗಳ ಮಳೆ ಸೇರಿರುತ್ತದೋ!

ಇಲ್ಲಿ ಸೊನ್ನಲಿಗೆಯ ಸಿದ್ಧರಾಮರು ನೆನಪಾಗಲೇಬೇಕು. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ, ಕಲಬುರಗಿಯಿಂದ ರೈಲಿನಲ್ಲಿ ಹೊರಟರೆ ಕೆಲವೇ ಗಂಟೆಗಳ ದಾರಿ. 12ನೇ ಶತಮಾನದಲ್ಲಿ ಅವರು ಅಲ್ಲಿ ಗುಡಿ ಕಟ್ಟಿಸಿದರು, ಜನರನ್ನು ಕೂಡಿಸಿ ಕೆರೆ ತೋಡಿಸಿದರು. ಅಲ್ಲಮಪ್ರಭು ಅಲ್ಲಿಗೆ ಬಂದ ಪ್ರಸಂಗವನ್ನು ‘ಶೂನ್ಯಸಂಪಾದನೆ’ ವಿಸ್ತಾರವಾಗಿ ಹೇಳುತ್ತದೆ. ಅಲ್ಲಮರು ಕೆರೆಯ ಕೆಲಸದಲ್ಲಿದ್ದವರ ಹತ್ತಿರ ಹೋಗಿ, ನಿಮ್ಮ ಒಡ್ಡ ಎಲ್ಲಿದ್ದಾನೆ ಎಂಬರ್ಥದಲ್ಲಿ ಕೇಳಿದರಂತೆ. ತಮ್ಮ ಗುರುವನ್ನು ಹೀಗೆ ಕರೆದದ್ದಕ್ಕೆ ಸಿಟ್ಟಿಗೆದ್ದ ಜನ ಕಲ್ಲು ಬೀರಿದರು. ಸಿದ್ಧರಾಮರೇ ಕೆರಳಿ ಬಂದರು. ಅಲ್ಲಿಂದ ಮುಂದೆ ನಡೆದದ್ದು ಕನ್ನಡದ ದೊಡ್ಡ ತತ್ತ್ವಚರ್ಚೆಗಳಲ್ಲೊಂದು. ಕೆರೆ ತೋಡಿಸಿದೆ, ಗುಡಿ ಕಟ್ಟಿಸಿದೆ ಎಂಬ ಪುಣ್ಯದ ಲೆಕ್ಕ ಇರುವ ತನಕ ಮಾಡುವವನ ‘ನಾನು’ ಕರಗುವುದಿಲ್ಲ ಎಂಬುದು ಅಲ್ಲಮರ ಆಕ್ಷೇಪದ ತಿರುಳು. ಸಿದ್ಧರಾಮರು ಅದನ್ನು ಒಪ್ಪಿ ಕಲ್ಯಾಣಕ್ಕೆ ನಡೆದರು, ಮುಂದೆ ಶೂನ್ಯಪೀಠವನ್ನೂ ಏರಿದರು.

ಈ ಪ್ರಸಂಗವನ್ನು ಓದಿ ಅಲ್ಲಮರು ಲೋಕದ ಕೆಲಸವನ್ನೇ ಹಳಿದರು ಎಂದುಕೊಳ್ಳುವುದು ಅವಸರದ ಓದು. ಅವರು ಪ್ರಶ್ನಿಸಿದ್ದು ಕೆಲಸಕ್ಕೆ ಅಂಟಿಕೊಂಡ ಹೆಸರನ್ನು. ಸೊಲ್ಲಾಪುರದ ನಡುವೆ ಆ ಕೆರೆ ಈಗಲೂ ಇದೆ, ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಜಾತ್ರೆ ಕೂಡುತ್ತದೆ. ಮಣ್ಣು ಅಗೆದು, ಕಲ್ಲು ಒಡೆದು ನಾಡಿನುದ್ದಕ್ಕೂ ಕೆರೆ ಬಾವಿ ತೋಡಿದ ಭೋವಿ ಸಮುದಾಯ ಇವತ್ತಿಗೂ ಸಿದ್ಧರಾಮರನ್ನು ತನ್ನ ಗುರುವೆಂದು ಪೂಜಿಸುತ್ತದೆ.

ಅಲ್ಲಮರ ಆ ಕಟ್ಟುನಿಟ್ಟಿಗೆ ತಕ್ಕ ಕೆಲಸ ಇಂದು ಯಾವುದು ಎಂದು ಹುಡುಕಿದರೆ ನೀರು ಇಂಗಿಸುವುದೇ ಕಣ್ಣಿಗೆ ಬೀಳುತ್ತದೆ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿದಿದೆ. ಅರವಟ್ಟಿಗೆ ಇಟ್ಟವರ ಹೆಸರು ಬ್ಯಾನರಿನಲ್ಲಿ ಕಾಣುತ್ತದೆ. ಇಂಗುಗುಂಡಿಯಲ್ಲಿ ಇಳಿದ ನೀರು ಯಾರ ಮನೆಯ ನಲ್ಲಿಗೆ ಬಂತೆಂದು ತೋರಿಸಲು ಸಾಧ್ಯವೇ ಇಲ್ಲ. ಕೊಟ್ಟವರಿಗೆ ಪಡೆದವರು ಗೊತ್ತಿಲ್ಲ, ಪಡೆದವರಿಗೆ ಕೊಟ್ಟವರು ಗೊತ್ತಿಲ್ಲ. ಅದು ಮಾತು ಬಿಟ್ಟ ಪಕ್ಕದ ಮನೆಯವರ ಬೋರಿಗೇ ಸೇರಲೂಬಹುದು.

ಶರಣಬಸವೇಶ್ವರರ ನೆಲಕ್ಕೆ ಇಂಥ ಕೊಡುಗೆ ಹೊಸದಾಗಬಾರದು. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆ ನಿಂತ ಅವರು ಹೊಲಕ್ಕಿಳಿದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸಲಿಲ್ಲ, ಕಾಳು ತಿಂದ ಹಕ್ಕಿಗೆ ನೀರಡಿಕೆಯಾದೀತೆಂದು ನೀರೂ ಇಟ್ಟರು ಎಂಬ ಕತೆ ಈ ಭಾಗದ ಮಕ್ಕಳಿಗೂ ಗೊತ್ತು. ಅವರ ಹೆಸರಿನ ದಾಸೋಹದಲ್ಲಿ ಉಣ್ಣುವವರ ಜಾತಿ, ಊರು ಕೇಳುವುದಿಲ್ಲ. ಗುಡಿಯ ಹತ್ತಿರದ ಕೆರೆಯನ್ನು ಜನ ಅಪ್ಪನ ಕೆರೆ ಎಂದೇ ಕರೆಯುತ್ತಾರೆ. ಅನ್ನಕ್ಕೆ ಇರುವ ಆ ಉದಾರತನ ನೆಲದಡಿಯ ನೀರಿಗೂ ಹಬ್ಬಬೇಕು. ಉಣ್ಣುವವರ ಮುಖ ಕಾಣದಿದ್ದರೂ ದಾಸೋಹ ದಾಸೋಹವೇ.

ಇದೇ ಊರಿನ ಉಳಿದ ಶ್ರದ್ಧೆಗಳಲ್ಲೂ ಈ ಎಳೆ ಇದೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ ಆಯುಧ ಹಿಡಿದಾಗ, ನೀರಿನ ಬೆಲೆ ಹೆಚ್ಚೋ ಮನುಷ್ಯರ ಜೀವದ ಬೆಲೆ ಹೆಚ್ಚೋ ಎಂದು ಬುದ್ಧ ಕೇಳಿದ್ದು ಬೌದ್ಧ ಕತೆಗಳಲ್ಲಿ ಬರುತ್ತದೆ. ಅಲ್ಲಿ ನದಿ ಕಣ್ಣೆದುರು ಇತ್ತು, ಎರಡೂ ದಡದವರು ಮುಖಾಮುಖಿಯಾದರು. ಬೋರ್‌ವೆಲ್ ಜಗಳಕ್ಕೆ ದಡವೇ ಇಲ್ಲ. ಒಬ್ಬರು 300 ಅಡಿಗೆ ಇಳಿದರೆ ಪಕ್ಕದವರು 500ಕ್ಕೆ ಇಳಿಯುತ್ತಾರೆ, ಬತ್ತಿದ ಬೋರಿನ ಮನೆಯವರು ಯಾರನ್ನೂ ದೂರಲಾರದೆ ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಇಸ್ಲಾಮಿನಲ್ಲಿ ನೀರು, ಮೇವು, ಬೆಂಕಿ ಎಲ್ಲರಿಗೂ ಸೇರಿದವು ಎಂಬ ಪ್ರವಾದಿವಚನವಿದೆ. ಮದೀನಾದಲ್ಲಿ ಹಣಕ್ಕೆ ನೀರು ಮಾರಲಾಗುತ್ತಿದ್ದ ರೂಮಾ ಬಾವಿಯನ್ನು ಪ್ರವಾದಿಯವರ ಸಂಗಾತಿ ಉಸ್ಮಾನರು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಖ್ವಾಜಾ ಬಂದೇ ನವಾಜರ ದರ್ಗಾ ಇರುವ ಊರಿಗೆ ಈ ಕತೆ ಹೊರಗಿನದಲ್ಲ.

ಇನ್ನು ಕೆಲಸದ ಮಾತು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಕಲಬುರಗಿಯ ವರ್ಷದ ಮಳೆ 750 ಮಿ.ಮೀ. ಆಸುಪಾಸಿನದು. ಅಂದರೆ ಸಾವಿರ ಚದರಡಿಯ ಮಾಳಿಗೆಯ ಮೇಲೆ ವರ್ಷಕ್ಕೆ ಸುಮಾರು 70 ಸಾವಿರ ಲೀಟರ್ ಬೀಳುತ್ತದೆ. ಆವಿಯಾಗಿ, ಸಿಡಿದು ಹೋದದ್ದನ್ನು ಕಳೆದರೂ ಉಳಿಯುವುದು ಸಣ್ಣ ಮೊತ್ತವಲ್ಲ. ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಶಹಾಬಾದ್ ಕಲ್ಲು ಹಾಸಿ ಸಿಮೆಂಟು ಮೆತ್ತಿದ ಮನೆಗಳಲ್ಲಿ ಅಷ್ಟೂ ನೀರು ಗಟಾರ ಸೇರುತ್ತದೆ. ಎರೆ ಮಣ್ಣಿನಲ್ಲಿ ಮೇಲುಮೇಲೆ ಗುಂಡಿ ತೋಡಿದರೆ ನೀರು ನಿಂತು ಸೊಳ್ಳೆ ಹುಟ್ಟೀತೇ ಹೊರತು ಇಂಗುವುದಿಲ್ಲ. ಗುಂಡಿ ಎರೆಯನ್ನು ದಾಟಿ ಮೊರಂ ಮುಟ್ಟಬೇಕು. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಬೇಕು. ಮೊದಲ ಮಳೆಯ ಧೂಳಿನ ನೀರನ್ನು ಹೊರಗೆ ಬಿಡಬೇಕು. ಬಚ್ಚಲ ನೀರು, ಶೌಚದ ನೀರು, ಗೊಬ್ಬರ ಔಷಧಿ ತೊಳೆದ ಹೊಲದ ನೀರು ಯಾವ ಕಾರಣಕ್ಕೂ ಬೋರಿನ ಕೊಳವೆಗೆ ಸೇರಕೂಡದು. ಕಾಣದವರಿಗೆ ನೀರು ಕೊಡುವುದು ಧರ್ಮವಾದರೆ ಕಾಣದವರಿಗೆ ವಿಷ ಉಣಿಸುವುದು ಅಷ್ಟೇ ದೊಡ್ಡ ಅಧರ್ಮ.

ಈ ಕೆಲಸಕ್ಕೆ ಮೊದಲು ಕೈಹಾಕಬೇಕಾದವರು ದೊಡ್ಡ ಮಾಳಿಗೆಯುಳ್ಳವರು: ಮಠಗಳು, ಗುಡಿಗಳು, ದರ್ಗಾ ಮಸೀದಿಗಳು, ವಿಹಾರ, ಇಗರ್ಜಿ, ಕಲ್ಯಾಣ ಮಂಟಪಗಳು. ಅಲ್ಲಿ ಒಂದು ಗುಂಡಿ ತೋಡಿದರೆ ಭಕ್ತರು ನೋಡಿ ಕಲಿಯುತ್ತಾರೆ. ಮುಂಗಾರು ಜೂನ್‌ನಲ್ಲಿ ಬರುತ್ತದೆ, ಗುಂಡಿ ಮೇ ಮುಗಿಯುವುದರೊಳಗೆ ಸಿದ್ಧವಾಗಿರಬೇಕು. ಕುಸನೂರಿನಲ್ಲಿ, ಕಮಲಾಪುರದಲ್ಲಿ ಹೊಸದಾಗಿ ಬೋರ್ ಹೊಡೆಸುವವರು ಪೂಜೆಯ ಪಟ್ಟಿಯ ಜೊತೆಗೇ ಇಂಗುಗುಂಡಿಯ ಖರ್ಚನ್ನೂ ಬರೆದುಕೊಳ್ಳಲಿ.