ನ್ಯಾಸಾಪಹಾರವೂ ಜ್ಞಾನದ ಭಾಷಾಂತರವೂ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನಂಬಿ ಇರಿಸಿದ ಒಡವೆಗಳ ಎಣಿಕೆಯನ್ನು ಒಡೆಯನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಸರಿಯೆಂದು ಒಪ್ಪಿ ಕೊಡುವುದೇ ಆ ದೋಷವೆಂಬುದು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಬರುವ ವಿವರಣೆ. ಇದನ್ನು ಅಚೌರ್ಯದ ಕೆಳಗಿರಿಸದೆ ಸತ್ಯದ ಕೆಳಗಿರಿಸಿರುವುದು ವಿಚಾರಾರ್ಹವಾಗಿದೆ. ಬಲ್ಲವನು ತಿಳಿಸದೆ ಉಳಿಯುವುದೂ ಅಸತ್ಯದ ಒಂದು ರೂಪವೇ.

ಇಂದಿನ ಗಣಕಯಂತ್ರಗಳ ಲೋಕದಲ್ಲಿಯೂ ಇಂಥ ನ್ಯಾಸವೊಂದಿದೆ. ಒಂದು ಕ್ಷೇತ್ರದ ಪದಾರ್ಥಗಳಾವುವು, ಅವುಗಳ ಪರಸ್ಪರ ಸಂಬಂಧವೇನು ಎಂಬುದನ್ನು ಯಂತ್ರವು ತರ್ಕಿಸಬಲ್ಲ ಭಾಷೆಯಲ್ಲಿ ನಿರೂಪಿಸಿದ ವ್ಯವಸ್ಥೆಗೆ ‘ಆಂಟಾಲಜಿ’ ಎಂದು ಹೆಸರು. ಇಂಥ ಭಾಷೆಗಳು ಹಲವು. ಒಮ್ಮೆ ನಿರೂಪಿಸಿದುದನ್ನು ಹಲವು ಭಾಷೆಗಳಿಗೆ ಪರಿವರ್ತಿಸುವ ‘ಆಂಟೊಲಿಂಗುವಾ’ ಎಂಬ ಸಾಧನವನ್ನು ಥಾಮಸ್ ಗ್ರೂಬರ್ ಅವರು 1993ರಲ್ಲಿ ವಿವರಿಸಿದರು. 2004ರಲ್ಲಿ ‘ಔಲ್’ ಎಂಬ ಭಾಷೆಯು ಅಂತರಜಾಲದ ಮಾನದಂಡವಾಗಿ ಅಂಗೀಕೃತವಾಯಿತು.

ಔಲ್ ಭಾಷೆಯಲ್ಲಿ ಹೇಳದೆ ಉಳಿದುದು ‘ತಿಳಿಯದು’ ಮಾತ್ರ, ‘ಇಲ್ಲ’ವೆಂದಾಗದು. ರೇಮಂಡ್ ರೈಟರ್ ಅವರು 1978ರಲ್ಲಿ ನಿರೂಪಿಸಿದ ‘ಮುಚ್ಚಿದ ಲೋಕ’ದ ನಿಯಮವನ್ನು ಅನುಸರಿಸುವ ದತ್ತಕೋಶಗಳಲ್ಲಾದರೋ, ದಾಖಲಾಗದುದೆಲ್ಲ ‘ಇಲ್ಲ’ವೇ. ರೋಗಿಯೊಬ್ಬನಿಗೆ ಪೆನಿಸಿಲಿನ್ ಒಗ್ಗದೆಂಬ ದಾಖಲೆ ಇಲ್ಲವೆನ್ನೋಣ. ಮೊದಲನೆಯ ಭಾಷೆಯಲ್ಲಿ ಅದು ವಿಚಾರಿಸಬೇಕಾದ ವಿಷಯವಾಗಿಯೇ ಉಳಿಯುತ್ತದೆ. ಎರಡನೆಯದಕ್ಕೆ ಹಾಗೆಯೇ ಸಾಗಿಸಿದರೆ, ತೊಂದರೆಯಿಲ್ಲವೆಂಬ ಉತ್ತರ ಹೊರಡುತ್ತದೆ. ಒಂದಕ್ಷರವೂ ಬದಲಾಗದೆ ಅರ್ಥ ಬದಲಾಯಿತು. ಪ್ರಮಾದದಿಂದಾಗುವ ಪ್ರಾಣಘಾತವನ್ನು ಹಿಂಸೆಯೆಂದು ಬಗೆದ ಧರ್ಮಕ್ಕೆ ಇದು ಬರಿಯ ತಾಂತ್ರಿಕ ಪ್ರಶ್ನೆಯಲ್ಲ.

ಯಾವ ಭಾಷೆಯೂ ಎಲ್ಲವನ್ನೂ ಹೇಳಲಾರದಷ್ಟೆ, ಭಾಷಾಂತರಕಾರನ ತಪ್ಪೇನು ಎಂದು ಕೇಳಬಹುದು. ನಯವಾದವು ಇದಕ್ಕೆ ಉತ್ತರವೀಯುತ್ತದೆ. ವಸ್ತು ಅನಂತಧರ್ಮಾತ್ಮಕವಾದುದರಿಂದ ಪ್ರತಿಯೊಂದು ನಯವೂ ಅದರ ಒಂದಂಶವನ್ನು ಮಾತ್ರ ಗ್ರಹಿಸುತ್ತದೆ; ಅದು ದೋಷವಲ್ಲ. ಉಳಿದ ಅಂಶಗಳನ್ನು ನಿರಾಕರಿಸಿದಾಗ ಮಾತ್ರ ಅದು ದುರ್ನಯವಾಗುತ್ತದೆ. ‘ಸ್ಯಾತ್’ ಎಂಬುದು ಸಂಶಯದ ಮಾತಲ್ಲ. ಯಾವ ಅಪೇಕ್ಷೆಯಿಂದ ಹೇಳಲಾಗಿದೆ ಎಂಬುದರ ಸೂಚನೆ. ಅಂತೆಯೇ ಭಾಷಾಂತರಕಾರನು ‘ದಾಖಲಾಗಿಲ್ಲ’ ಎಂಬುದನ್ನು ‘ಇಲ್ಲ’ ಎಂಬುದರಿಂದ ಬೇರೆಯಾಗಿಯೇ ಬರೆದಿಡಬೇಕು; ತನ್ನ ಭಾಷೆಗೆ ಒಗ್ಗದೆ ಬಿಟ್ಟುಹೋದುದರ ಪಟ್ಟಿಯನ್ನು ಜೊತೆಗೆ ಕೊಡಬೇಕು. ನಷ್ಟವು ಅನಿವಾರ್ಯವಾಗಿರಬಹುದು, ಅದನ್ನು ಮುಚ್ಚಿಡುವುದು ಅನಿವಾರ್ಯವಲ್ಲ.

ರೋಗಿಯು ಈ ನ್ಯಾಸದ ಲೆಕ್ಕವನ್ನು ಮರೆತವನಲ್ಲ, ಎಂದೂ ಅರಿಯದವನು. ಅವನು ಕೇಳಲಾರನು. ಆದುದರಿಂದ ಕೇಳದಿದ್ದರೂ ಹೇಳುವ ಹೊಣೆ, ಲೆಕ್ಕ ಬಲ್ಲವನದೇ.