ಬಿಟ್ಟಿ ಎಂಬ ಮಾತು

‘ಬಿಟ್ಟಿ’ ಎಂಬ ಶಬ್ದವು ಸಂಸ್ಕೃತದ ‘ವಿಷ್ಟಿ’ಯಿಂದ ಬಂದುದು. ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ ಎಂಬುದು ಅದರ ಮೂಲಾರ್ಥ. ಬಡವನು ಒಡೆಯನಿಗೆ ಸಲ್ಲಿಸಬೇಕಾಗಿದ್ದ ಚಾಕರಿಯ ಹೆಸರು ಕಾಲಾಂತರದಲ್ಲಿ ತಲೆಕೆಳಗಾಗಿ, ಬಡವನು ಬೆಲೆ ತೆರದೆ ಪಡೆಯುವ ವಸ್ತುವಿನ ಹೆಸರಾಯಿತು. ಕಳೆದೊಂದು ದಶಕದಿಂದ ನಮ್ಮ ರಾಜ್ಯದ ಪತ್ರಿಕೆಗಳಲ್ಲಿಯೂ ದೂರದರ್ಶನದ ವಾಹಿನಿಗಳಲ್ಲಿಯೂ ‘ಬಿಟ್ಟಿ ಭಾಗ್ಯ’ ಎಂಬ ಜೋಡುನುಡಿ ಓಡಾಡುತ್ತಿರುವುದನ್ನು ವಾಚಕರು ಬಲ್ಲರು. ನಾನೂ ಅದನ್ನು ಬಳಸಿದವನು. ಬಾಯಿಮಾತಿನಲ್ಲಿ ಮಾತ್ರವಲ್ಲ, ಅಚ್ಚಿನಲ್ಲಿ ಬಳಸಿದವನು. ಸತ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಆ ಬಗ್ಗೆ ಲೆಕ್ಕ ಒಪ್ಪಿಸಬೇಕಾದುದು ನ್ಯಾಯ.

2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಯಿತು. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ತಿಂಗಳಿಗೆ 30 ಕಿಲೋವರೆಗೆ, ಕಿಲೋ ಒಂದಕ್ಕೆ ಒಂದು ರೂಪಾಯಿಯಂತೆ ಅಕ್ಕಿ. 2015ರಲ್ಲಿ ಆ ಒಂದು ರೂಪಾಯಿಯೂ ಇಲ್ಲವಾಗಿ ಅಕ್ಕಿ ಉಚಿತವಾಯಿತು. ಇದರಿಂದ ಜನ ಸೋಮಾರಿಗಳಾಗುತ್ತಾರೆಂದು ಕೆಲವರು, ಹೀಗೆನ್ನುವವರು ಹಸಿವನ್ನೇ ಅರಿಯದವರೆಂದು ಕೆಲವರು. ಸಾಹಿತಿಗಳೂ ಸೇರಿದಂತೆ ನಾಡಿನಲ್ಲಿ ದೊಡ್ಡ ವಿವಾದವೇ ನಡೆಯಿತು. ಬಂದರಿನಲ್ಲಿ ತಂದೆಯವರ ಕಾಲದಿಂದ ಅಕ್ಕಿಯ ಸಗಟು ವ್ಯಾಪಾರ ಮಾಡಿಕೊಂಡು ಬಂದಿರುವ ನಾನು ಸುಮ್ಮನಿರಬಹುದಾಗಿತ್ತು. ಸುಮ್ಮನಿರಲಿಲ್ಲ. ಒಂದು ದಿನಪತ್ರಿಕೆಯ ವಾಚಕರ ವಿಭಾಗಕ್ಕೆ ಪತ್ರ ಬರೆದೆ.

ಆ ಪತ್ರದಲ್ಲಿ ಎರಡು ಭಾಗಗಳಿದ್ದವು. ನಮ್ಮ ಗೋದಾಮಿನ ಐದು ಮಂದಿ ಹಮಾಲಿಗಳಲ್ಲಿ ಮೂವರು ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದಾರೆ, ಆದುದರಿಂದ ಬಿಟ್ಟಿ ಅಕ್ಕಿಯು ದುಡಿಯುವ ಕೈಗಳನ್ನು ಕಟ್ಟಿಹಾಕುತ್ತಿದೆ ಎಂಬುದು ಮೊದಲನೆಯದು. ಕೊಡುವುದೇ ಆದರೆ ನಮ್ಮ ಜಿಲ್ಲೆಯವರು ಉಣ್ಣುವ ಕುಚಲಕ್ಕಿಯನ್ನು, ನಮ್ಮ ರೈತರಿಂದಲೇ ಭತ್ತ ಕೊಂಡು ಕೊಡಬೇಕೆಂಬುದು ಎರಡನೆಯದು. ಪತ್ರಿಕೆಯವರು ಮೊದಲನೆಯದನ್ನು ದಪ್ಪಕ್ಷರದ ತಲೆಬರಹದೊಡನೆ ಮುದ್ರಿಸಿ, ಎರಡನೆಯದನ್ನು ಕೈಬಿಟ್ಟರು. ನನಗೆ ಸಿಟ್ಟು ಬಂದಿತು. ಪತ್ರಿಕೆಗಳ ಪಕ್ಷಪಾತದ ಕುರಿತು ಮನೆಯಲ್ಲಿಯೂ ಬಸದಿಯ ಜಗಲಿಯಲ್ಲಿಯೂ ಸಾಕಷ್ಟು ಮಾತನಾಡಿದೆ.

ಹತ್ತು ದಿನಗಳ ಬಳಿಕ, ಬಾರದಿದ್ದ ಹಮಾಲಿಗಳಲ್ಲೊಬ್ಬನ ಹೆಂಡತಿ ಅಂಗಡಿಗೆ ಬಂದಳು. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸು. ತುಳುವಿನಲ್ಲಿ ಅವಳಾಡಿದ ಮಾತಿನ ಸಾರ ಇಷ್ಟು: “ಧಣಿಗಳೇ, ನೀವು ಪೇಪರಿನಲ್ಲಿ ಬರೆದದ್ದನ್ನು ಮಗಳು ಓದಿ ಹೇಳಿದಳು. ಅವರು ಮಲಗಿದ್ದು ಅಕ್ಕಿ ಸಿಕ್ಕಿತೆಂದಲ್ಲ, ನಿಮ್ಮ ಮೂಟೆ ಹೊತ್ತು ಸೊಂಟ ಹೋದದ್ದರಿಂದ. ಬರೆಯುವ ಮೊದಲು ಒಮ್ಮೆ ಬಂದು ನೋಡಬಹುದಿತ್ತು.” ಉಳಿದಿಬ್ಬರನ್ನು ವಿಚಾರಿಸಿದಾಗ, ಹೆಚ್ಚು ಕೂಲಿ ಸಿಗುವ ಕಟ್ಟಡದ ಕೆಲಸಕ್ಕೆ ಹೋಗಿದ್ದರೆಂದು ತಿಳಿಯಿತು. ಹೆಚ್ಚು ಬೆಲೆ ಬರುವಲ್ಲಿಗೆ ಸರಕು ಸಾಗಿಸುವ ವ್ಯಾಪಾರಿಗೆ ಇದು ಹೊಳೆಯದೆ ಹೋದದ್ದು ಹೇಗೆ?

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು, ಎಣಿಸಿದ್ದಾರೆ. ನನ್ನ ಪತ್ರ ಆ ಅರ್ಥದಲ್ಲಿ ಕೂಟಲೇಖವಲ್ಲ. ಮೂವರು ಬಾರದಿದ್ದುದು ಸತ್ಯ. ಅಕ್ಕಿ ಉಚಿತವಾದದ್ದೂ ಸತ್ಯ. ಅಸತ್ಯವಿದ್ದುದು ನಡುವಿನ ‘ಆದುದರಿಂದ’ ಎಂಬ ಒಂದೇ ಶಬ್ದದಲ್ಲಿ. ಸೂತ್ರಕಾರರು ಅದೇ ಪಟ್ಟಿಯಲ್ಲಿ ಮಿಥ್ಯೋಪದೇಶವನ್ನೂ ಸೇರಿಸಿದ್ದಾರೆ. ನಾನು ಎಡವಿದ್ದು ಅಲ್ಲಿ. ಅಂದಮೇಲೆ ಪತ್ರದ ಅರ್ಧವನ್ನು ಕತ್ತರಿಸಿದ ಪತ್ರಿಕೆಯ ಪಕ್ಷಪಾತವು ನನ್ನ ಮೇಜಿನಿಂದಲೇ ಆರಂಭವಾಗಿತ್ತೆನ್ನಬೇಕು.

ಆ ಹೆಂಗಸು ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದಳು. ನ್ಯಾಯಬೆಲೆ ಅಂಗಡಿಯ ಬೆಳ್ತಿಗೆ ಅಕ್ಕಿಯನ್ನು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ; ಅದನ್ನು ಕೊಟ್ಟು, ಮೇಲಿಷ್ಟು ಹಣ ಸೇರಿಸಿ ಕುಚಲಕ್ಕಿ ತರುತ್ತಾರೆ. ‘ಬಡವರು ಅಕ್ಕಿ ಮಾರಿಕೊಳ್ಳುತ್ತಾರೆ, ಅವರಿಗದು ಬೇಕಿಲ್ಲ’ ಎಂದು ಓದುತ್ತ ಬಂದ ಸುದ್ದಿಯ ಒಳಗು ಕರಾವಳಿಯ ಮಟ್ಟಿಗೆ ಬಹುಪಾಲು ಇದೇ. ಮಾರುವವಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಕೊಳ್ಳುವವನು ಯಾರು? ನಮ್ಮಂತಹ ವ್ಯಾಪಾರಿಯೇ. ಅಚೌರ್ಯವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಎಂಬುದೊಂದಿದೆ. ರಾಜ್ಯದ ನಿಯಮ ಮೀರಿ ವಸ್ತುವನ್ನು ಪಡೆಯುವುದನ್ನು ಅದು ಒಳಗೊಳ್ಳುತ್ತದೆ. ನಮ್ಮ ಸಭೆಗಳಲ್ಲಿ ಬಿಟ್ಟಿ ಅಕ್ಕಿಯನ್ನು ಕುರಿತ ಭಾಷಣಗಳನ್ನು ಎಷ್ಟೋ ಕೇಳಿದ್ದೇನೆ. ಈ ಅತಿಚಾರದ ಬಗ್ಗೆ ಒಂದನ್ನೂ ಕೇಳಿದ ನೆನಪಿಲ್ಲ.

ಪತ್ರಿಕೆಗೊಂದು ಪಕ್ಷವೇ ಇರಬಾರದೆಂದು ನಾನು ಹೇಳುವುದಿಲ್ಲ. ನೋಡುವ ಪ್ರತಿಯೊಬ್ಬನೂ ಒಂದು ಕಡೆ ನಿಂತೇ ನೋಡುತ್ತಾನೆ. ನಮ್ಮ ಶಾಸ್ತ್ರ ಅದನ್ನು ನಯವೆಂದು ಕರೆದು ಮನ್ನಿಸುತ್ತದೆ. ತನ್ನ ನೋಟದಾಚೆಗೆ ಬೇರೇನೂ ಇಲ್ಲವೆಂದು ನಿಷೇಧಿಸಿದಾಗ ಅದೇ ನಯ ದುರ್ನಯವಾಗುತ್ತದೆ. 2023ರ ಜೂನ್ 11ರಂದು ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದಾಗ ಧರ್ಮಸ್ಥಳ, ಕುಕ್ಕೆಗಳ ಬಸ್ಸುಗಳ ನೂಕುನುಗ್ಗಲನ್ನು ವಾಹಿನಿಗಳು ಮರಳಿ ಮರಳಿ ತೋರಿಸಿದವು. ಮಂಗಳೂರು ನಗರದೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ನಮ್ಮ ಗಲ್ಲಿಯ ಮನೆಗೆಲಸದ ಹೆಂಗಸು ಅಂದೂ ಟಿಕೇಟು ಕೊಂಡಳು, ಇಂದೂ ಕೊಳ್ಳುತ್ತಾಳೆ. ಅತ್ತ ಸರಕಾರದ ಪುಟ ತುಂಬುವ ಜಾಹೀರಾತುಗಳಲ್ಲಿ ನಗುವ ಮುಖಗಳೇ ಎಲ್ಲ. ನಿಂತೇ ಕಾಲೇಜಿಗೆ ಹೋಗುವ ಹುಡುಗನಿಗೆ ಅಲ್ಲಿ ಜಾಗವಿಲ್ಲ.

ಕೇಂದ್ರದ ಮಾತೂ ಬೇರೆಯಲ್ಲ. 2022ರ ಜುಲೈಯಲ್ಲಿ ಪ್ರಧಾನಮಂತ್ರಿಯವರು ‘ರೇವಡಿ’ ಹಂಚುವ ಸಂಸ್ಕೃತಿಯ ವಿರುದ್ಧ ಎಚ್ಚರಿಸಿದರು. 2023ರ ಜನವರಿಯಿಂದ ಅವರ ಸರಕಾರವೇ ಆಹಾರ ಭದ್ರತಾ ಕಾಯಿದೆಯ ಸುಮಾರು 80 ಕೋಟಿ ಜನರಿಗೆ ಧಾನ್ಯವನ್ನು ಉಚಿತಗೊಳಿಸಿತು. ಚೀಲದ ಮೇಲೆ ಯಾರ ಚಿತ್ರವಿದೆ ಎಂಬುದನ್ನು ನೋಡಿಕೊಂಡು, ಒಂದೇ ಅಕ್ಕಿಯನ್ನು ಒಂದು ಪತ್ರಿಕೆ ಕಲ್ಯಾಣವೆಂದೂ ಇನ್ನೊಂದು ಬಿಟ್ಟಿಯೆಂದೂ ಬರೆಯುತ್ತದೆ. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ರಾಜ್ಯ ಸರಕಾರ ಹಣ ಕೊಟ್ಟಾಗ, ನಮ್ಮ ಜಿಲ್ಲೆಯವರು ಅದರಿಂದ ಕುಚಲಕ್ಕಿ ಕೊಳ್ಳಬಹುದಾಗಿತ್ತು. ಈ ಒಂದು ಮಾತನ್ನು ನಾನು ನೋಡಿದ ಬೆಂಗಳೂರಿನ ಯಾವ ಚರ್ಚೆಯಲ್ಲಿಯೂ ಕೇಳಲಿಲ್ಲ. 2025ರಲ್ಲಿ ಹಣ ನಿಂತು ಮತ್ತೆ ಅಕ್ಕಿಯೇ ಬಂದಿತು.

ಇದು ನಮ್ಮ ದೇಶದ ವ್ಯಾಧಿ ಮಾತ್ರವಲ್ಲ. ಅಮೆರಿಕದಲ್ಲಿ 1976ರ ಚುನಾವಣೆಯ ಕಾಲಕ್ಕೆ ರೊನಾಲ್ಡ್ ರೇಗನ್, ಹಲವು ಸುಳ್ಳು ಹೆಸರುಗಳಿಂದ ಸರಕಾರದ ನೆರವು ಪಡೆದು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಗಳಿಸುವ ಷಿಕಾಗೋ ನಗರದ ಸ್ತ್ರೀಯೊಬ್ಬಳ ಕಥೆ ಹೇಳುತ್ತಿದ್ದರು. ಆಕೆ ವಂಚಕಿಯೆಂಬುದು ನಿಜ. 1977ರಲ್ಲಿ ನ್ಯಾಯಾಲಯವು ಆಕೆಯನ್ನು ಅಪರಾಧಿಯೆಂದಿತು. ಆದರೆ ಅಲ್ಲಿ ಸಾಬೀತಾದ ಮೊತ್ತ ಹತ್ತು ಸಾವಿರ ಡಾಲರಿಗೂ ಕಡಿಮೆ. ಒಬ್ಬಳ ಮುಖವನ್ನು ಲಕ್ಷಾಂತರ ತಾಯಂದಿರಿಗೆ ಅಂಟಿಸಲಾಯಿತು. ಇನ್ನೊಂದು ಬದಿಯ ದುರ್ನಯಕ್ಕೂ ಅಲ್ಲಿ ಉದಾಹರಣೆಯಿದೆ. 1965ರಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿ ಡೇನಿಯಲ್ ಮೊಯ್ನಿಹಾನ್, ಕಪ್ಪು ಜನರ ಬಡತನಕ್ಕೂ ಕುಟುಂಬಗಳು ಒಡೆಯುವುದಕ್ಕೂ ಇರುವ ನಂಟನ್ನು ಕುರಿತು ವರದಿ ಬರೆದಾಗ, ನೊಂದವರನ್ನೇ ದೂಷಿಸುತ್ತಾನೆಂಬ ಆರೋಪದ ಗದ್ದಲವೆದ್ದಿತು. ಆ ಪ್ರಶ್ನೆಯನ್ನು ಎತ್ತಲು ಬಹುಕಾಲ ವಿದ್ವಾಂಸರೇ ಹಿಂಜರಿದರು.

ಮೊಯ್ನಿಹಾನರ ಸಂಕಟ ನನಗೆ ಅರ್ಥವಾಗುತ್ತದೆ. ನನ್ನ ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ನನ್ನ ಸಂಶಯಗಳೆಲ್ಲ ತೀರಿಲ್ಲ. 2024–25ರ ಮುಂಗಡಪತ್ರದಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52 ಸಾವಿರ ಕೋಟಿ ರೂಪಾಯಿ ಇಡಲಾಯಿತು. ಬಂಡವಾಳದ ವೆಚ್ಚವನ್ನೂ ದಿನದ ವೆಚ್ಚವನ್ನೂ ಬೇರೆ ಬೇರೆ ಖಾತೆಗಳಲ್ಲಿ ಬರೆಯಬೇಕೆಂಬುದು ಬಿ.ಕಾಂ. ಓದಿದವನ ಚಟವಿರಬಹುದು, ಆದರೆ ಈ ಹಣ ಎಲ್ಲಿಂದ, ಎಷ್ಟು ಕಾಲ ಎಂದು ಕೇಳಿದ ಕೂಡಲೇ ‘ಬಡವರ ವಿರೋಧಿ’ ಎಂಬ ಹಣೆಪಟ್ಟಿ ಕಟ್ಟುವುದು ಉತ್ತರವಲ್ಲ. ಉಳ್ಳವರ ಮನೆಗೂ ಸೇರುವ ನೆರವನ್ನು ಪ್ರಶ್ನಿಸುವುದು ದಯೆಗೆ ವಿರೋಧವೂ ಅಲ್ಲ.

ಇದನ್ನು ದಾನವೆನ್ನುವುದು ಮಾತ್ರ ಸಲ್ಲದು. ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದು ದಾನ. ಮಂತ್ರಿಯು ತ್ಯಜಿಸುವುದು ತನ್ನದನ್ನಲ್ಲ. ಆದುದರಿಂದ ದಾತೃವಿನ ಪುಣ್ಯವಾಗಲಿ ಚೀಲದ ಮೇಲಿನ ಭಾವಚಿತ್ರವಾಗಲಿ ಅವನಿಗೆ ಸಲ್ಲುವುದಿಲ್ಲ. ಅಂತೆಯೇ ಪಾತ್ರಾಪಾತ್ರ ವಿವೇಚನೆಯ ಆಸನದಲ್ಲಿ ಕುಳಿತು ಪಡೆಯುವವಳ ಯೋಗ್ಯತೆಯನ್ನು ಅಳೆಯುವ ಅಧಿಕಾರ ನಮಗೂ ಇಲ್ಲ. ನಮ್ಮ ಬಸದಿಗಳ ಟ್ರಸ್ಟುಗಳಿಗೆ ದೊರೆಯುವ ಆದಾಯ ತೆರಿಗೆಯ ವಿನಾಯಿತಿಯೂ ಸರಕಾರ ಬಿಟ್ಟುಕೊಟ್ಟ ಹಣವೇ. ಅದನ್ನು ಯಾರೂ ಬಿಟ್ಟಿಯೆಂದು ಬರೆದಿಲ್ಲ. ಟ್ರಸ್ಟುಗಳಲ್ಲಿ ಕುಳಿತಿರುವ ನಾವಾದರೂ ಈ ಮಾತನ್ನು ನೆನಪಿನಲ್ಲಿಟ್ಟು ಮಾತನಾಡೋಣ.

ಅಂದು ಆ ಹಮಾಲಿಯ ಚಿಕಿತ್ಸೆಯ ಖರ್ಚನ್ನು ಅಂಗಡಿಯಿಂದ ಭರಿಸಿದೆ. ಅದು ಸಲ್ಲಬೇಕಾದ ಬಾಕಿ, ದಾನವಲ್ಲ. ಅವನು ಮತ್ತೆ ಮೂಟೆ ಹೊರಲಿಲ್ಲ; ತೂಕದ ಯಂತ್ರದ ಬಳಿ ಕುಳಿತು ಚೀಟಿ ಬರೆಯುವ ಕೆಲಸ ಮಾಡಿದ. ಹಿಂದಿನ ಪತ್ರದ ತಪ್ಪನ್ನು ತಿದ್ದಿ ಅದೇ ಪತ್ರಿಕೆಗೆ ಇನ್ನೊಂದು ಪತ್ರ ಕಳುಹಿಸಿದೆ. ಅದು ಪ್ರಕಟವಾಗಲಿಲ್ಲ. ಅದರ ನಕಲು ಆ ವರ್ಷದ ರೋಜುಪುಸ್ತಕದೊಳಗೆ ಇಂದಿಗೂ ಇದೆ.